ಗೋಡೆಯ ಬುಡದಿಂದ ಏರುವ ಪಸೆ: ಕರಾವಳಿಯ ಮನೆಗಳಲ್ಲಿ ಅದನ್ನು ಗುರುತಿಸುವ, ಒಣಗಿಸುವ ಕ್ರಮ

ದೀಪಾವಳಿ ಕಳೆದು, ಅಂಗಳದ ಪಾಚಿ ಒಣಗಿ ಉದುರತೊಡಗಿದ ಮೇಲೂ ಮನೆಯೊಳಗಿನ ಗೋಡೆಯ ಕೆಳಭಾಗ ಮಾತ್ರ ಕಪ್ಪಾಗಿಯೇ ಉಳಿದಿದ್ದರೆ, ಬಣ್ಣ ಗುಳ್ಳೆಗಳಾಗಿ ಎದ್ದು ಮುಟ್ಟಿದಲ್ಲಿ ಉದುರುತ್ತಿದ್ದರೆ, ಗುಡಿಸಿ ತೆಗೆದ ಬಿಳಿ ಪುಡಿ ನಾಲ್ಕು ದಿನಗಳಲ್ಲಿ ಮತ್ತೆ ನೆಲದಂಚಿಗೆ ಸೇರುತ್ತಿದ್ದರೆ, ಆ ಗೋಡೆ ನೆಲದ ನೀರನ್ನು ಹೀರುತ್ತಿರಬಹುದು. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ ಸುಮಾರು 3,500 ರಿಂದ 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಂದುಹೋಗುತ್ತದೆ. ಇಂಥ ಊರಿನಲ್ಲಿ ಗೋಡೆ ಒದ್ದೆಯಾಗುವುದು ಆಶ್ಚರ್ಯವಲ್ಲ. ಆದರೆ ಒದ್ದೆಯಾದ ಗೋಡೆಗಳೆಲ್ಲ ಬುಡದಿಂದ ಹೀರಿಕೊಂಡವಲ್ಲ. ನೀರು ಬಂದ ದಾರಿಯನ್ನು ಪತ್ತೆ ಮಾಡದೆ ಮಾಡಿಸಿದ ಕೆಲಸ ಹಣವನ್ನೂ ತಿನ್ನುತ್ತದೆ, ಗೋಡೆಯನ್ನೂ ತಿನ್ನುತ್ತದೆ.

ಇದನ್ನು ನಾನು ಕಲಿತದ್ದು ನಮ್ಮದೇ ಮನೆಯಲ್ಲಿ. ಉಡುಪಿಯಿಂದ ಮಣಿಪಾಲಕ್ಕೆ ಏರುವ ಇಳಿಜಾರಿನಲ್ಲಿ, ಗುಡ್ಡ ಜರಿದು ಸಮಮಾಡಿದ ಜಾಗದಲ್ಲಿ ನಮ್ಮ ಮನೆಯಿದೆ. ಹಿಂದಿನ ಕೋಣೆಯ ಗೋಡೆ ಪ್ರತಿ ಮಳೆಗಾಲದಲ್ಲಿ ಪಸೆಯಾಗುತ್ತಿತ್ತು, ಕಪಾಟಿನಲ್ಲಿಟ್ಟ ರೇಷ್ಮೆ ಸೀರೆಗಳಿಗೆ ಬೂಸ್ಟು ಹಿಡಿಯುತ್ತಿತ್ತು. ಕರೆಸಿದ ಗುತ್ತಿಗೆದಾರರು ಮೂರು ಅಡಿ ಎತ್ತರಕ್ಕೆ ಟೈಲ್ಸ್ ಹಾಕಿಸಿದರೆ ಸರಿಹೋಗುತ್ತದೆ ಎಂದರು, ನಾವೂ ಹಾಕಿಸಿದೆವು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಟೈಲ್ಸಿನ ಮೇಲಂಚಿನಿಂದ ಒಂದು ಗೇಣು ಮೇಲೆ, ಚಹಾ ಚೆಲ್ಲಿ ಒಣಗಿದಂಥ ಕಂದು ಬಣ್ಣದ ಹೊಸ ಗೆರೆ ಮೂಡಿತ್ತು. ನೀರು ನಿಂತಿರಲಿಲ್ಲ, ಆರಿಹೋಗಲು ಕೆಳಗೆ ಜಾಗ ಸಿಗದೆ ಮೇಲಕ್ಕೆ ಹೋಗಿತ್ತು.

ಪಸೆ ಏರುವುದು ಹೇಗೆ

ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆಯೇ ಕೆಂಪುಕಲ್ಲು, ಇಟ್ಟಿಗೆ, ಗಾರೆ ಇವುಗಳೊಳಗಿನ ಸೂಕ್ಷ್ಮ ರಂಧ್ರಗಳು ನೆಲದ ನೀರನ್ನು ಮೇಲಕ್ಕೆಳೆಯುತ್ತವೆ. ಕೆಂಪುಕಲ್ಲಿನಲ್ಲಿ ಕಣ್ಣಿಗೆ ಕಾಣುವ ದೊಡ್ಡ ತೂತುಗಳು ಈ ಕೆಲಸ ಮಾಡುವುದಿಲ್ಲ. ಅವುಗಳ ನಡುವಿನ ಮಣ್ಣಿನಂಥ ಭಾಗ ಮತ್ತು ಕಲ್ಲುಗಳ ಮಧ್ಯದ ಗಾರೆ ನೀರನ್ನು ಹೊತ್ತೊಯ್ಯುತ್ತವೆ. ಹೀಗೆ ಏರುವ ನೀರು ಗೋಡೆಯ ಮೈಯಿಂದ ಆವಿಯಾಗುತ್ತಲೂ ಇರುತ್ತದೆ. ಏರುವ ಪ್ರಮಾಣವೂ ಆರುವ ಪ್ರಮಾಣವೂ ಸಮವಾಗುವ ಎತ್ತರದಲ್ಲಿ ಪಸೆ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ನೆಲದಿಂದ ಸುಮಾರು ಮೂರು ಅಡಿಯ ಆಸುಪಾಸು. ಐದು ಅಡಿ ದಾಟಿದ್ದರೆ, ಗೋಡೆಯ ಮೈಯನ್ನು ಟೈಲ್ಸಿನಿಂದಲೋ ದಪ್ಪ ಬಣ್ಣದಿಂದಲೋ ಮುಚ್ಚಿಲ್ಲದ ಪಕ್ಷದಲ್ಲಿ, ಬೇರೆ ಮೂಲವನ್ನು ಹುಡುಕಬೇಕು.

ನೀರು ಬರಿಗೈಯಲ್ಲಿ ಬರುವುದಿಲ್ಲ, ಮಣ್ಣಿನ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ನೀರು ಆವಿಯಾದಾಗ ಲವಣ ಗೋಡೆಯಲ್ಲೇ ಉಳಿದು, ಹರಳುಗಟ್ಟುವಾಗ ಹಿಗ್ಗಿ ಸಾರಣೆಯನ್ನು (ಪ್ಲಾಸ್ಟರನ್ನು) ಒಳಗಿನಿಂದ ಒಡೆಯುತ್ತದೆ. ಬಿಳಿ ಪುಡಿಯೂ ಕಂದು ಗೆರೆಯೂ ಹುಟ್ಟುವುದು ಹೀಗೆ.

ಹಳೆಯ ಕಾಲದ ಕೆಂಪುಕಲ್ಲಿನ ಮನೆಗಳ ಪಂಚಾಂಗದಲ್ಲಿ, ಅಂದರೆ ಅಡಿಪಾಯದಲ್ಲಿ, ತೇವ ತಡೆಯುವ ಪದರವೇ ಇರುತ್ತಿರಲಿಲ್ಲ. ಆದರೂ ಅವು ಬಾಳಿದವು, ಏಕೆಂದರೆ ಗೋಡೆಗೆ ಸುಣ್ಣದ ಸಾರಣೆಯಿತ್ತು, ಸುತ್ತ ಎತ್ತರದ ಜಗಲಿಯಿತ್ತು, ಮಾಡು ಉದ್ದಕ್ಕೆ ಚಾಚಿಕೊಂಡಿತ್ತು. ಹೀರಿದ ನೀರು ಸಲೀಸಾಗಿ ಆರಿಹೋಗುತ್ತಿತ್ತು. ಅದೇ ಗೋಡೆಗಳಿಗೆ ಮುಂದೆ ಸಿಮೆಂಟ್ ಸಾರಣೆ, ಪುಟ್ಟಿ, ಪ್ಲಾಸ್ಟಿಕ್‌ನಂಥ ಬಣ್ಣ ಬಂದ ಮೇಲೆ ಉಸಿರುಕಟ್ಟಿತು. ಹೊಸ ಮನೆಗಳಲ್ಲಿ ಪಂಚಾಂಗದ ಮೇಲೆ ಕಾಂಕ್ರೀಟಿನ ಬೆಲ್ಟ್ ಇರುತ್ತದೆ, ಚೆನ್ನಾಗಿ ಮಾಡಿದ್ದರೆ ಅದು ಪಸೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಅಂಗಳಕ್ಕೆ ಇಂಟರ್‌ಲಾಕ್ ಹಾಕುವಾಗ ಮಣ್ಣು ತುಂಬಿಸಿ ಬೆಲ್ಟಿಗಿಂತ ಮೇಲೆ ತಂದುಬಿಟ್ಟರೆ, ಅಥವಾ ಹೊರಗಿನ ಸಾರಣೆಯನ್ನು ಬೆಲ್ಟ್ ದಾಟಿಸಿ ಮಣ್ಣಿನವರೆಗೆ ಇಳಿಸಿದರೆ, ನೀರು ಬೆಲ್ಟನ್ನು ಬಳಸಿಕೊಂಡು ಮೇಲೇರುತ್ತದೆ. ರಸ್ತೆಗೆ ಕಾಂಕ್ರೀಟ್ ಬಿದ್ದು ಎತ್ತರವಾಗಿ ಮನೆ ತಗ್ಗಿನಲ್ಲಿ ಉಳಿದ ಕಡೆಗಳಲ್ಲಿಯೂ ಇದೇ ಕಥೆ.

ಮೊದಲ ಹೆಜ್ಜೆ: ನೀರಿನ ಮೂಲವನ್ನು ಪತ್ತೆ ಮಾಡುವುದು

ಈ ಹೆಜ್ಜೆಗೆ ಒಂದು ಪೂರ್ತಿ ವರ್ಷ ಕೊಟ್ಟರೂ ಅದು ಹೆಚ್ಚಲ್ಲ ಎಂಬುದು ನನ್ನ ಅಭಿಪ್ರಾಯ. ಗೋಡೆಯ ಮೇಲೆ ಪಸೆಯ ಮೇಲಂಚು ಎಲ್ಲಿದೆಯೋ ಅಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ, ಪ್ರತಿ ತಿಂಗಳೂ ಹೀಗೆಯೇ ಮಾಡಿ. ಮಳೆ ಬಂದ ಮರುದಿನವೇ ಗೆರೆ ಹಾರಿ ಮೇಲೆ ಹೋಗಿ, ಮಳೆ ಬಿಟ್ಟ ವಾರದಲ್ಲಿ ಕೆಳಗಿಳಿದರೆ ಅದು ಹೊರಗಿನಿಂದ ಹೊಡೆಯುವ ನೀರು. ನಿಜವಾಗಿ ಬುಡದಿಂದ ಏರುವ ಪಸೆ ಹಾಗೆ ಅವಸರ ಮಾಡುವುದಿಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ಏರಿ ಇಳಿಯುತ್ತದೆ, ಒಳಗಿನ ಗೋಡೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ, ಬೇಸಿಗೆಯಲ್ಲಿಯೂ ಬುಡವನ್ನು ಪೂರ್ತಿ ಬಿಟ್ಟುಹೋಗುವುದಿಲ್ಲ.

ನಮ್ಮ ಕಡೆ ಇದರೊಂದಿಗೆ ಅತಿ ಹೆಚ್ಚು ಗೊಂದಲವಾಗುವುದು ಎರಚಲಿನಿಂದ. ಮುಂಗಾರಿನ ಗಾಳಿ ಕಡಲ ಕಡೆಯಿಂದ, ಅಂದರೆ ಪಡುವಣ ಮತ್ತು ನೈಋತ್ಯದಿಂದ ಬೀಸುವುದರಿಂದ ಆ ಮುಖದ ಗೋಡೆಗಳಿಗೆ ನೀರು ಅಡ್ಡಡ್ಡವಾಗಿ ಬಡಿಯುತ್ತದೆ. ಹಿರಿಯರು ಆ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಇದೇ ಕಾರಣಕ್ಕೆ. ಪಡುವಣ ಗೋಡೆ ಮಾತ್ರ ಒದ್ದೆಯಾಗಿ, ಕಿಟಕಿಯ ಕೆಳಗೆ, ಬಿರುಕಿನ ಸುತ್ತ ತೇಪೆ ತೇಪೆಯಾಗಿ ಕಲೆಯಿದ್ದರೆ ಮೊದಲು ಎರಚಲನ್ನು ಅನುಮಾನಿಸಿ. ಮಾಡಿನ ನೀರು ಗಟ್ಟಿ ನೆಲಕ್ಕೆ ಬಿದ್ದು ಸಿಡಿಯುವುದೂ ಒಂದು ಎರಚಲೇ. ಅದು ಗೋಡೆಯ ಹೊರಮೈಯಲ್ಲಿ ಒಂದು, ಒಂದೂವರೆ ಅಡಿ ಎತ್ತರಕ್ಕೆ ಕೆಮ್ಮಣ್ಣಿನ ಚುಕ್ಕೆಗಳನ್ನು ಬಿಡುತ್ತದೆ. ಆ ಚುಕ್ಕೆಗಳನ್ನು ಕಂಡರೆ ಅರ್ಧ ಉತ್ತರ ಸಿಕ್ಕಿತೆಂದೇ ತಿಳಿಯಬಹುದು.

ದರೆಗೆ, ಅಂದರೆ ಗುಡ್ಡ ಕಡಿದಲ್ಲಿ ಉಳಿಯುವ ಕಡಿದಾದ ಮಣ್ಣಿನ ಬದಿಗೆ, ತಾಗಿದ ಮನೆಗಳದು ಇನ್ನೊಂದು ಬಗೆ. ಗುಡ್ಡದೊಳಗೆ ಇಂಗಿದ ನೀರು ದರೆಯ ಬುಡದಲ್ಲಿ ಒಸರುತ್ತದೆ. ಮಣ್ಣು ಗೋಡೆಗೆ ಆತುಕೊಂಡಿದ್ದರೆ ಆ ನೀರು ನೇರವಾಗಿ ಗೋಡೆಯನ್ನು ಅಡ್ಡಲಾಗಿ ದಾಟಿ ಒಳಬರುತ್ತದೆ. ನಮ್ಮ ಮನೆಯ ರೋಗವೂ ಬಹುಪಾಲು ಇದೇ ಆಗಿತ್ತು.

ಬಚ್ಚಲು, ಅಡುಗೆಮನೆಗಳ ಪಕ್ಕದ ಗೋಡೆಯಾದರೆ ಪೈಪನ್ನು ಪರೀಕ್ಷಿಸದೆ ಮುಂದೆ ಹೋಗಬಾರದು. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ, ಮೇಲಿನ ಟ್ಯಾಂಕಿಗೆ ನೀರು ಬರದಂತೆ ಮಾಡಿ, ಅದರ ನೀರಿನ ಮಟ್ಟವನ್ನು ಕೋಲಿನಲ್ಲಿ ಅಳೆದಿಟ್ಟು, ಬೆಳಿಗ್ಗೆ ಯಾರೂ ನೀರು ಬಳಸುವ ಮೊದಲು ಮತ್ತೆ ಅಳೆಯಿರಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ. ಕೊಳಚೆ ಪೈಪಿನ ಸೋರಿಕೆ ಹೀಗೆ ತಿಳಿಯದು. ಅದಕ್ಕೆ ಪೈಪಿನ ಕೆಳತುದಿ ಮುಚ್ಚಿ ನೀರು ತುಂಬಿಸಿ ನೋಡಬೇಕು, ಪ್ಲಂಬರ್ ಕೈಯಲ್ಲಿ ಮಾಡಿಸುವುದು ಒಳ್ಳೆಯದು.

ಇನ್ನು ಗಾಳಿಯ ತೇವ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಪಾಟಿನ ಹಿಂದೆ, ಮಂಚದ ಮೂಲೆಯಲ್ಲಿ ಹಿಡಿಯುವ ಕಪ್ಪು ಬೂಸ್ಟಿಗೆ ಬಹಳ ಸಲ ಗಾಳಿಯಾಡದಿರುವುದೇ ಕಾರಣ. ಇದನ್ನು ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯಿದೆ. ಸುಮಾರು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚುಗಳಿಗೆ ಗಾಳಿ ನುಗ್ಗದಂತೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹನಿಗಳು ಕೋಣೆಯ ಕಡೆಯ ಮೈಮೇಲೆ ಕೂತಿದ್ದರೆ ಅದು ಗಾಳಿಯ ತೇವ. ಗೋಡೆಯ ಕಡೆಯ ಮೈಮೇಲಿದ್ದರೆ ಗೋಡೆಯೊಳಗೇ ನೀರಿದೆ. ಆ ನೀರು ಎಲ್ಲಿಂದ ಬಂತೆಂಬುದನ್ನು ಈ ಹಾಳೆ ಹೇಳುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ತೇವ ಅಳೆಯುವ ಮುಳ್ಳಿನ ಮೀಟರ್ ಹಿಡಿದು ಬಂದವರು ತೋರಿಸುವ ಅಂಕಿಯನ್ನು ಕಂಡು ಗಾಬರಿಯಾಗಬೇಡಿ. ಆ ಮೀಟರ್ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನಷ್ಟೇ ಅಳೆಯುತ್ತದೆ, ಮತ್ತು ಗೋಡೆಯಲ್ಲಿ ಉಪ್ಪಿದ್ದರೆ ನೀರು ಕಡಿಮೆಯಿದ್ದಾಗಲೂ ಅಂಕಿ ಮೇಲೇರುತ್ತದೆ. ಖಚಿತವಾಗಿ ತಿಳಿಯಬೇಕಾದರೆ ಗೋಡೆಯನ್ನೇ ತೂಗಬೇಕು. ಡ್ರಿಲ್ಲನ್ನು ನಿಧಾನ ವೇಗದಲ್ಲಿಟ್ಟು, ನೆಲದಿಂದ ಅರ್ಧ ಅಡಿ, ಒಂದೂವರೆ ಅಡಿ, ಎರಡೂವರೆ ಅಡಿ, ಮೂರೂವರೆ ಅಡಿ ಎತ್ತರಗಳಲ್ಲಿ ಗಾರೆಯ ಸಂದಿಗೆ ಎರಡು ಮೂರು ಇಂಚು ಆಳದ ತೂತು ಕೊರೆದು, ಒಳಗಿನ ಪುಡಿಯನ್ನು ಬೇರೆ ಬೇರೆ ಬಿಗಿ ಮುಚ್ಚಳದ ಡಬ್ಬಿಗಳಿಗೆ ತುಂಬಿಸಿ. ಕೊರೆಯುವ ಜಾಗದಲ್ಲಿ ವಯರಿಂಗ್ ಇಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ, ಮೂಗಿಗೆ ಮಾಸ್ಕ್ ಇರಲಿ. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, 105 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. 20 ಗ್ರಾಂ ಪುಡಿ ಒಣಗಿ 18.4 ಗ್ರಾಂ ಆದರೆ ಹೋದ ನೀರು 1.6 ಗ್ರಾಂ, ಅಂದರೆ ಒಣ ತೂಕದ ಶೇಕಡಾ 8.7. ಅದೇ ಮನೆಯ ಒಣಗಿದ ಗೋಡೆಯೊಂದರ ಪುಡಿಯನ್ನೂ ಹೀಗೆಯೇ ತೂಗಿ ಹೋಲಿಸಬೇಕು. ಬುಡದಲ್ಲಿ ಹೆಚ್ಚಿದ್ದು ಮೇಲೆ ಹೋದಂತೆ ಕ್ರಮವಾಗಿ ಕಡಿಮೆಯಾದರೆ ಏರುವ ಪಸೆ ಎನ್ನಲು ಗಟ್ಟಿ ಆಧಾರ ಸಿಕ್ಕಿತು. ನಡುವೆಯೇ ಹೆಚ್ಚಾಗಿದ್ದರೆ ಮೂಲ ಬೇರೆ. ಈ ಪರೀಕ್ಷೆಯನ್ನು ಫೆಬ್ರವರಿ ಮತ್ತು ಏಪ್ರಿಲ್ ನಡುವೆ ಮಾಡಿದರೆ ಮಳೆಯ ಗೊಂದಲ ಇರುವುದಿಲ್ಲ.

ಎರಡನೆಯ ಹೆಜ್ಜೆ: ಹೊರಗಿನ ನೀರಿಗೆ ದಾರಿ ಮಾಡುವುದು

ಬಹಳಷ್ಟು ಮನೆಗಳಲ್ಲಿ ಈ ಹೆಜ್ಜೆಯೊಂದರಿಂದಲೇ ಸಮಸ್ಯೆಯ ಬಹುಪಾಲು ಇಳಿಯುತ್ತದೆ, ಆದ್ದರಿಂದ ಒಳಗಿನ ಗೋಡೆಗೆ ಕೈಹಚ್ಚುವ ಮೊದಲು ಇದನ್ನು ಮುಗಿಸಬೇಕು. ಒಂದು ಲೆಕ್ಕ ನೋಡಿ: ಮಾಡಿನ ಒಂದು ಬದಿ 50 ಚದರ ಮೀಟರ್ ಇದ್ದು, ಜುಲೈಯ ಒಂದು ದಿನ 100 ಮಿಲಿಮೀಟರ್ ಮಳೆಯಾದರೆ, ಆ ಒಂದು ಬದಿಯಿಂದಲೇ 5,000 ಲೀಟರ್ ನೀರು ಗೋಡೆಯ ಬುಡದ ಪಕ್ಕಕ್ಕೆ ಬೀಳುತ್ತದೆ. ಹಿಂದೆ ಅಡಿಕೆ ಮರದ ದಂಬೆ ಕಟ್ಟಿ ಈ ನೀರನ್ನು ದೂರ ಸಾಗಿಸುತ್ತಿದ್ದರು. ಇಂದು ಪಿವಿಸಿ ಅಥವಾ ತಗಡಿನ ದಂಬೆ ಸಿಗುತ್ತದೆ. ಅದನ್ನು ಹಾಕಿಸಿ, ಇಳಿಕೊಳವೆಯ ಬಾಯಿಯನ್ನು ಗೋಡೆಯ ಬುಡದಲ್ಲಿ ಬಿಡದೆ ತೋಡಿಗೋ, ಮನೆಯಿಂದ ಕನಿಷ್ಠ ನಾಲ್ಕೈದು ಮೀಟರ್ ದೂರದ ಇಂಗುಗುಂಡಿಗೋ ಸೇರಿಸಿ.

ಆಮೇಲೆ ಅಂಗಳದ ಮಟ್ಟ. ಹೊರಗಿನ ನೆಲ ಬೆಲ್ಟಿಗಿಂತ ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ಗೋಡೆಗೆ ಒರಗಿಸಿ ಹಾಕಿದ ಮಣ್ಣು, ಹೂವಿನ ಕಟ್ಟೆ, ಹೊಯ್ಗೆ (ಮರಳು) ರಾಶಿ ಎಲ್ಲವನ್ನೂ ತೆಗೆಸಿ. ಇಂಟರ್‌ಲಾಕ್ ಪೂರ್ತಿ ಕೀಳಲು ಸಾಧ್ಯವಾಗದಿದ್ದರೆ ಗೋಡೆಯ ಉದ್ದಕ್ಕೂ ಒಂದೂವರೆ ಅಡಿ ಅಗಲದ ಪಟ್ಟಿಯನ್ನಾದರೂ ಕಿತ್ತು, ತಗ್ಗಿಸಿ, ಅಲ್ಲಿ ಜಲ್ಲಿ ಹರಡಿ. ಜಲ್ಲಿಯ ಮೇಲೆ ಬಿದ್ದ ಹನಿ ಅಷ್ಟಾಗಿ ಸಿಡಿಯುವುದಿಲ್ಲ, ಮತ್ತು ಗೋಡೆಯ ಬುಡಕ್ಕೆ ಗಾಳಿ ತಾಗುತ್ತದೆ. ಉಳಿದ ಅಂಗಳ ಮನೆಯಿಂದ ಹೊರಕ್ಕೆ ಇಳಿಜಾರಾಗಿರಬೇಕು.

ನೀರು ನಿಲ್ಲುವ ಜಾಗವಾದರೆ ನೆಲದಡಿಯ ಕಣಿ (ಕಾಲುವೆ) ಬೇಕಾಗುತ್ತದೆ. ಗೋಡೆಯಿಂದ ಎರಡು ಮೂರು ಅಡಿ ಬಿಟ್ಟು, ಒಂದು ಅಡಿ ಅಗಲ, ಒಂದೂವರೆ ಎರಡು ಅಡಿ ಆಳದ ಕಣಿ ತೆಗೆದು, ಮೀಟರಿಗೆ ಒಂದು ಸೆಂಟಿಮೀಟರಿನಂತೆ ಇಳಿಜಾರು ಕೊಟ್ಟು, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತುಗಳು ಕೆಳಮುಖವಾಗಿರುವಂತೆ ನಾಲ್ಕು ಇಂಚಿನ ಪೈಪ್ ಇಟ್ಟು, ಜಲ್ಲಿ ತುಂಬಿಸಿ ಬಟ್ಟೆಯನ್ನು ಮೇಲೆ ಮಡಚಬೇಕು. ಬಟ್ಟೆಯಿಲ್ಲದಿದ್ದರೆ ನಮ್ಮ ಕೆಮ್ಮಣ್ಣು ಕೆಲವೇ ಮಳೆಗಾಲಗಳಲ್ಲಿ ಜಲ್ಲಿಯನ್ನು ಕಟ್ಟಿಬಿಡುತ್ತದೆ. ಪಂಚಾಂಗದ ತಳಕ್ಕಿಂತ ಕೆಳಗೆ ಯಾವ ಕಾರಣಕ್ಕೂ ಅಗೆಯಬಾರದು, ಇಡೀ ಉದ್ದವನ್ನು ಒಮ್ಮೆಲೇ ತೆರೆಯಲೂಬಾರದು.

ದರೆಯಿರುವಲ್ಲಿ ಗೋಡೆಗೂ ಮಣ್ಣಿಗೂ ನಡುವೆ ಮನುಷ್ಯ ನಡೆಯುವಷ್ಟು ಅಂತರವೂ ದರೆಯ ಬುಡದಲ್ಲಿ ತೆರೆದ ಕಣಿಯೂ ಬೇಕು. ಆದರೆ ಈ ಅಂತರಕ್ಕಾಗಿ ದರೆಯನ್ನು ಇನ್ನಷ್ಟು ಕಡಿಯುವುದು ಜೀವಕ್ಕೆ ಅಪಾಯ. ಬೇಸಿಗೆಯಲ್ಲಿ, ಇಂಜಿನಿಯರ್ ನೋಡಿ ಹೇಳಿದ ಮೇಲೆ ಮಾತ್ರ ಆ ಕೆಲಸಕ್ಕೆ ಇಳಿಯಬೇಕು.

ಮೂರನೆಯ ಹೆಜ್ಜೆ: ಹಳೆಯ ಸಾರಣೆ ಕಿತ್ತು ಗೋಡೆಯನ್ನು ಒಣಗಲು ಬಿಡುವುದು

ನವೆಂಬರ್ ಬಂದ ಕೂಡಲೇ ಇದನ್ನು ಆರಂಭಿಸಬೇಕು. ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆ ಕಳೆದರೆ ಮಳೆ ಬಾಗಿಲಿಗೆ ಬಂತೆಂದೇ ಲೆಕ್ಕ, ಆದ್ದರಿಂದ ಕೈಯಲ್ಲಿರುವುದು ಆರೇಳು ತಿಂಗಳು. ಮೊದಲು ಆ ಗೋಡೆಯ ವಿದ್ಯುತ್ ಸಂಪರ್ಕವನ್ನು ಮೇನ್‌ನಲ್ಲಿ ತೆಗೆಸಿ. ಕಂದು ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಸಿಮೆಂಟ್ ಸಾರಣೆಯನ್ನು, ಟೈಲ್ಸ್ ಇದ್ದರೆ ಅದನ್ನೂ, ಕಲ್ಲಿಗೆ ಪೆಟ್ಟಾಗದಂತೆ ಕೆತ್ತಿ ತೆಗೆಸಿ. ಕಲ್ಲುಗಳ ನಡುವಿನ ಸಡಿಲ ಗಾರೆಯನ್ನು ಮುಕ್ಕಾಲು ಇಂಚಿನಷ್ಟು ಆಳಕ್ಕೆ ಕೆರೆಯಿರಿ. ಈ ಹೊತ್ತಿನಲ್ಲಿ ದಾರಂದದ (ಬಾಗಿಲ ಚೌಕಟ್ಟಿನ) ಬುಡವನ್ನು ಚೂರಿಯ ತುದಿಯಿಂದ ಚುಚ್ಚಿ ನೋಡಿ. ಪಸೆಯಿದ್ದಲ್ಲಿ ಮರ ಮೆತ್ತಗಾಗಿರುತ್ತದೆ, ಒರಲೆಯೂ ಹಿಡಿದಿರುತ್ತದೆ.

ಗೋಡೆಯ ಮೇಲಿನ ಬಿಳಿ ಲವಣವನ್ನು ನೀರಿನಲ್ಲಿ ತೊಳೆದರೆ ಅದು ಕರಗಿ ಮತ್ತೆ ಒಳಕ್ಕೆ ಹೋಗುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ, ಕೆಳಗೆ ಹಾಸಿದ ಹಾಳೆಯಲ್ಲಿ ಹಿಡಿದು, ಹಿತ್ತಿಲಿಗೆ ಚೆಲ್ಲದೆ ಸಾಗಿಸಬೇಕು. ಲವಣ ಬಹಳ ಇದ್ದರೆ ಹಳೆ ಪತ್ರಿಕೆಗಳನ್ನು ಶುದ್ಧ ನೀರಿನಲ್ಲಿ ನೆನೆಸಿ ಅರೆದು, ಆ ಮುದ್ದೆಯನ್ನು ಅರ್ಧ ಇಂಚು ದಪ್ಪಕ್ಕೆ ಗೋಡೆಗೆ ಮೆತ್ತಿ, ಪೂರ್ತಿ ಒಣಗಿ ತಾನಾಗಿ ಬಿಟ್ಟುಕೊಳ್ಳುವವರೆಗೆ ಬಿಡಿ. ಒಣಗುವಾಗ ಅದು ಲವಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಎರಡು ಮೂರು ಸಲ ಹೀಗೆ ಮಾಡಬಹುದು.

ಗೋಡೆ ಒಣಗಲು ಇಂಚಿಗೆ ಒಂದು ತಿಂಗಳು ಎಂಬ ಅಂದಾಜು ಲೆಕ್ಕವಿದೆ. ಎಂಟೊಂಬತ್ತು ಇಂಚಿನ ಗೋಡೆಗೆ ಅದರ ಪ್ರಕಾರ ಒಂದು ಬೇಸಿಗೆ ಸಾಲದು. ಎರಡೂ ಬದಿಯ ಸಾರಣೆ ತೆಗೆದಿದ್ದರೆ ಬೇಗ ಒಣಗುತ್ತದೆ. ಬಿಸಿಲೇರಿದ ಮೇಲೆ ಸಂಜೆಯವರೆಗೆ ಕಿಟಕಿಗಳನ್ನು ತೆರೆದಿಡಿ, ಫ್ಯಾನ್ ಓಡಲಿ. ಕಲ್ಲು ಕಾಣುವ ಗೋಡೆಯೊಂದಿಗೆ ತಿಂಗಳುಗಟ್ಟಲೆ ಬದುಕುವುದು ಕಷ್ಟವೆಂದು ನನಗೆ ಗೊತ್ತು. ನಂಟರು ಬಂದಾಗಲೆಲ್ಲ ನಾವೂ ಉತ್ತರ ಹೇಳಿದ್ದೇವೆ. ಆದರೆ ಒದ್ದೆ ಗೋಡೆಗೆ ಅವಸರದಲ್ಲಿ ಹೊಸ ಸಾರಣೆ ಮೆತ್ತಿದರೆ ಹಿಂದಿನದೆಲ್ಲ ಮೊದಲಿನಿಂದ ಆರಂಭವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಬೇಕಿದ್ದರೆ ಮಾತ್ರ, ಗೋಡೆಯೊಳಗೆ ತಡೆ

ಹೊರಗಿನ ನೀರನ್ನು ಸರಿಪಡಿಸಿದ ಮೇಲೂ ಮರುವರ್ಷ ಪುಡಿ ತೂಗಿದಾಗ ಬುಡದ ತೇವದ ಅಂಕಿ ಇಳಿಯದಿದ್ದರೆ ಮಾತ್ರ ಈ ಹೆಜ್ಜೆ. ನೆಲಕ್ಕೆ ಹತ್ತಿರದ ಗಾರೆಯ ಸಾಲಿನಲ್ಲಿ, ಹೊರಗಿನ ಮಣ್ಣಿಗಿಂತ ಅರ್ಧ ಅಡಿ ಮೇಲೆ, ಸುಮಾರು ನಾಲ್ಕೂವರೆ ಇಂಚಿಗೊಂದರಂತೆ 12 ಮಿಲಿಮೀಟರ್ ತೂತುಗಳನ್ನು ಗೋಡೆಯ ದಪ್ಪದಲ್ಲಿ ಒಂದೂವರೆ ಇಂಚು ಉಳಿಯುವವರೆಗೆ ಕೊರೆದು, ಪುಡಿ ಊದಿ ತೆಗೆದು, ಸಿಲೇನ್ ಅಥವಾ ಸಿಲಾಕ್ಸೇನ್ ಕ್ರೀಮ್ ತುಂಬಿಸುತ್ತಾರೆ. ಅದು ಹರಡಿ ರಂಧ್ರಗಳ ಗೋಡೆಗೆ ನೀರು ಅಂಟದಂತೆ ಮಾಡುತ್ತದೆ. ತೂತಿನ ಅಂತರ, ಪ್ರಮಾಣಗಳಲ್ಲಿ ಡಬ್ಬಿಯ ಮೇಲಿನ ಸೂಚನೆಯೇ ಅಂತಿಮ. ಕೆಂಪುಕಲ್ಲಿನಲ್ಲಿ ಪೊಳ್ಳುಗಳು ಬಹಳ. ನೀರಿನಂಥ ದ್ರಾವಣವಾದರೆ ಪೊಳ್ಳಿನಲ್ಲಿ ಹರಿದುಹೋಗಿ ಗಾರೆಗೆ ಸಿಗುವುದೇ ಇಲ್ಲ, ಹಾಗಾಗಿ ಕ್ರೀಮ್ ರೂಪದ್ದೇ ಇರಲಿ, ಕಲ್ಲಿಗಲ್ಲದೆ ಗಾರೆಯ ಸಾಲಿಗೇ ಬೀಳಲಿ. ಮಣ್ಣಿನಲ್ಲಿ ಕಟ್ಟಿದ ಹಳೆ ಗೋಡೆಗಳಲ್ಲಿ ಇದರ ಫಲ ಅನಿಶ್ಚಿತ. ಗೋಡೆಯನ್ನು ತುಂಡು ತುಂಡಾಗಿ ಕೊಯ್ದು ಹಾಳೆ ತೂರಿಸುವ ಕ್ರಮವೂ ಇದೆ. ಅದು ಗೋಡೆಯ ಬಲಕ್ಕೆ ಸಂಬಂಧಿಸಿದ ಕೆಲಸವಾದ್ದರಿಂದ ಸ್ಟ್ರಕ್ಚರಲ್ ಇಂಜಿನಿಯರ್ ಇಲ್ಲದೆ ಯೋಚಿಸಲೇಬಾರದು.

ಐದನೆಯ ಹೆಜ್ಜೆ: ಸುಣ್ಣದ ಸಾರಣೆ

ಹೊಸ ಸಾರಣೆಗೆ ಸಿಮೆಂಟ್ ಬೇಡ, ಒಂದು ಹಿಡಿಯೂ ಬೇಡ. ಅರಳಿಸಿ ಒಂದು ತಿಂಗಳಾದರೂ ನೀರಿನಡಿ ಇಟ್ಟ ಸುಣ್ಣ ಒಂದು ಪಾಲು, ತೊಳೆದ ಹೊಯ್ಗೆ ಮೂರು ಪಾಲು ಸಾಕು. ಚಿಪ್ಪಿನ ಸುಣ್ಣ ಒಳ್ಳೆಯದು ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ ಚೀಲದಲ್ಲಿ ಬರುವ, ನೀರು ಸೇರಿದಾಗ ತಾನೇ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ, ಅದರ ಪ್ರಮಾಣ ಚೀಲದ ಮೇಲೆ ಇರುತ್ತದೆ. ಹೊಯ್ಗೆಯ ವಿಷಯದಲ್ಲಿ ಇಲ್ಲಿ ವಿಶೇಷ ಎಚ್ಚರ ಬೇಕು. ಅಳಿವೆಗೆ ಹತ್ತಿರದ ಹೊಳೆಗಳಲ್ಲಿ ಬೇಸಿಗೆಯ ಉಬ್ಬರದೊಂದಿಗೆ ಉಪ್ಪುನೀರು ಒಳಬರುವುದರಿಂದ ಅಲ್ಲಿನ ಹೊಯ್ಗೆಯಲ್ಲೂ, ದಡದ ಕೆಲವು ಬಾವಿಗಳಲ್ಲೂ ಉಪ್ಪಿರುತ್ತದೆ. ಒಂದು ಹಿಡಿ ಹೊಯ್ಗೆಯನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಕಲಕಿ ಸೋಸಿ, ಆ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಕೆಲವು ಹನಿ ಬಿಟ್ಟಾಗ ಮೊಸರಿನಂತೆ ಬೆಳ್ಳಗಾದರೆ ಉಪ್ಪಿದೆಯೆಂದೇ ಅರ್ಥ. ಅಂಥದನ್ನು ಸಿಹಿನೀರಿನಲ್ಲಿ ಹಲವು ಬಾರಿ ತೊಳೆದು ಮತ್ತೆ ಪರೀಕ್ಷಿಸಿ.

ಗೋಡೆಗೆ ತೆಳುವಾಗಿ ನೀರು ಚಿಮುಕಿಸಿ, ಕಾಲು ಇಂಚಿಗಿಂತ ತುಸು ದಪ್ಪದ ಎರಡು ಅಥವಾ ಮೂರು ಪದರಗಳನ್ನು ವಾರಕ್ಕೂ ಹೆಚ್ಚು ಅಂತರ ಕೊಟ್ಟು ಹಾಕಿಸಿ. ಪ್ರತಿ ಪದರವನ್ನು ಕೆಲವು ದಿನ ಒದ್ದೆ ಗೋಣಿಯ ನೆರಳಿನಲ್ಲಿಟ್ಟು ಮಂಜಿನಂತೆ ನೀರು ಸಿಂಪಡಿಸಬೇಕು. ಬೇಗ ಒಣಗಿದ ಸುಣ್ಣ ಪುಡಿಯಾಗುತ್ತದೆ. ಸಾರಣೆಯ ಕೆಳತುದಿ ನೆಲಕ್ಕೆ ತಾಗದೆ ಅರ್ಧ ಇಂಚು ಮೇಲೆ ನಿಲ್ಲಲಿ. ಸಿಮೆಂಟಿಗೆ ಕೈ ಕುದುರಿದ ಮೇಸ್ತ್ರಿಗಳು ಬಲಕ್ಕೆಂದು ಸ್ವಲ್ಪ ಸಿಮೆಂಟ್ ಸೇರಿಸುತ್ತೇನೆ ಎನ್ನುವುದುಂಟು; ಅವರ ಪಕ್ಕದಲ್ಲೇ ನಿಂತು ಬೇಡವೆನ್ನಬೇಕಾಗುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕೇಡು, ಕನ್ನಡಕ ಮತ್ತು ಕೈಗವಸು ಕಡ್ಡಾಯ. ಬಿದ್ದರೆ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ತಕ್ಷಣ ವೈದ್ಯರಲ್ಲಿಗೆ ಹೋಗಬೇಕು. ಮೇಲೆ ತೆಳು ಸುಣ್ಣವನ್ನೇ ನಾಲ್ಕೈದು ಸಲ ಬಳಿಯಿರಿ, ಪುಟ್ಟಿ ಮತ್ತು ಎಮಲ್ಶನ್ ಬಣ್ಣ ಬೇಡ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಇಡಿ.

ಮುಂದಿನ ಮಳೆಗಾಲ

ಮೊದಲ ಆಟಿಯಲ್ಲಿ ಗೋಡೆಯ ಮೇಲೆ ಅಲ್ಲಲ್ಲಿ ಕಪ್ಪು ಛಾಯೆ ಮರಳಿ ಬಂದರೆ ಎಲ್ಲವೂ ವ್ಯರ್ಥವಾಯಿತೆಂದು ತಿಳಿಯಬೇಡಿ. ಕಲ್ಲಿನೊಳಗೆ ಉಳಿದ ಉಪ್ಪು ಗಾಳಿಯ ತೇವಾಂಶ ಶೇಕಡಾ 75 ದಾಟಿದಾಗ ತಾನೇ ನೀರು ಹೀರಿ ಕರಗುತ್ತದೆ, ನಮ್ಮ ಮಳೆಗಾಲದಲ್ಲಿ ತೇವಾಂಶ ಅದಕ್ಕಿಂತ ಮೇಲೆಯೇ ಇರುತ್ತದೆ. ಆ ಛಾಯೆ ಗಾಳಿ ಒಣಗಿದ ದಿನ ಮಾಯವಾಗುತ್ತದೆ, ಪೆನ್ಸಿಲಿನ ಹಳೆಯ ಗೆರೆಗಳನ್ನು ದಾಟಿ ಮೇಲೆ ಹೋಗುವುದಿಲ್ಲ. ಹೊಸ ಸಾರಣೆ ಕೆಲವು ವರ್ಷಗಳಲ್ಲಿ ಬುಡದಲ್ಲಿ ಪುಡಿಯಾದರೆ, ಅದು ಕಲ್ಲಿನ ಲವಣವನ್ನು ತಾನು ತೆಗೆದುಕೊಂಡು ಸವೆದಿದೆ ಎಂದರ್ಥ. ಅಷ್ಟು ಭಾಗವನ್ನು ಕೆರೆದು ಮತ್ತೆ ಸುಣ್ಣ ಹಾಕಿಸಿದರೆ ಸಾಕು. ನಮ್ಮ ಹಿಂದಿನ ಕೋಣೆಯಲ್ಲಿ ದರೆಯ ಕಣಿ ಮುಗಿಸಿ, ಟೈಲ್ಸ್ ಕಿತ್ತು ಎರಡು ಬೇಸಿಗೆ ಒಣಗಿಸಿದ ಮೇಲೆ, ನಾಲ್ಕು ಅಡಿಯ ಹತ್ತಿರವಿದ್ದ ಗೆರೆ ಈಗ ನೆಲದಿಂದ ಒಂದು ಗೇಣಿನಷ್ಟರಲ್ಲಿ ನಿಂತಿದೆ. ಕಣಿಯಲ್ಲಿ ಎಲೆ ಕಟ್ಟಿದ ಒಂದು ವರ್ಷ ಮಾತ್ರ ಅದು ಮತ್ತೆ ಎರಡು ಇಂಚು ಏರಿತ್ತು. ಅಂದಿನಿಂದ ಪ್ರತಿ ಮೇ ತಿಂಗಳಲ್ಲಿ ಕಣಿಯನ್ನು ತಪ್ಪದೆ ಗೋರಿಸುತ್ತೇವೆ.